200 ಎಂಬಿಪಿಎಸ್ ಇದ್ದೂ ಆಟ ತಡವರಿಸುವುದೇಕೆ?

ಮನೆಗೆ ಇಂಟರ್‌ನೆಟ್ ಹಾಕಿಸುವಾಗ ನಾವು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎಂಬಿಪಿಎಸ್? ಕಂಪನಿಗಳು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕುವುದೂ ಅದನ್ನೇ. ಹಾಗಾಗಿ ಹಿಂದಿನ ಕೋಣೆಯಲ್ಲಿ ಕೂತು ವ್ಯಾಲರಂಟ್ ಆಡುತ್ತಿರುವ ಮಗನ ಪರದೆ ಗಕ್ಕನೆ ನಿಂತು, ಎದುರಾಳಿ ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಪ್ರತ್ಯಕ್ಷನಾಗಿ, ‘ಲ್ಯಾಗ್ ಆಗ್ತಿದೆ ಅಪ್ಪಾ’ ಎಂಬ ಕೂಗು ಕೇಳಿದಾಗ ಅಪ್ಪನಿಗೆ ಹೊಳೆಯುವ ಪರಿಹಾರವೂ ಒಂದೇ: 100ರ ಪ್ಲಾನ್ ಬಿಟ್ಟು 200ರದ್ದಕ್ಕೆ ಹೋಗುವುದು. ತಿಂಗಳ ಬಿಲ್ ಏರುತ್ತದೆ, ಲ್ಯಾಗ್ ಇದ್ದ ಹಾಗೇ ಇರುತ್ತದೆ.

ಆನ್‌ಲೈನ್ ಆಟಕ್ಕೆ ಬೇಕಾದ ದತ್ತಾಂಶ ತೀರಾ ಕಡಿಮೆ. ಆಟಗಾರ ಎಲ್ಲಿ ನಿಂತಿದ್ದಾನೆ, ಯಾವ ಕಡೆ ತಿರುಗಿದ್ದಾನೆ, ಗುಂಡು ಹಾರಿಸಿದನೇ ಇಲ್ಲವೇ ಎಂಬಷ್ಟು ಮಾಹಿತಿ ಪುಟ್ಟ ಪುಟ್ಟ ಪ್ಯಾಕೆಟ್‌ಗಳಲ್ಲಿ ಹೋಗಿಬರುತ್ತದೆ. ಸಾಮಾನ್ಯವಾಗಿ ಒಂದು ಎಂಬಿಪಿಎಸ್ ಕೂಡ ಬೇಡ. ಅದೇ ಮನೆಯಲ್ಲಿ ನಡೆಯುವ 4ಕೆ ಸಿನಿಮಾ ಇದರ ಎಷ್ಟೋ ಪಟ್ಟು ಎಳೆದುಕೊಳ್ಳುತ್ತದೆ, ಆದರೂ ಎಲ್ಲೂ ನಿಲ್ಲದೆ ಓಡುತ್ತದೆ. ಸಿನಿಮಾದ ಮುಂದಿನ ಅರ್ಧ ನಿಮಿಷವನ್ನು ಟಿವಿ ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ. ನಡುವೆ ಎರಡು ಸೆಕೆಂಡ್ ಸಂಪರ್ಕ ಕಡಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಆಟದಲ್ಲಿ ಹಾಗೆ ಕೂಡಿಡಲು ಬರುವುದಿಲ್ಲ. ಎದುರಾಳಿ ಮುಂದಿನ ಕ್ಷಣ ಏನು ಮಾಡುತ್ತಾನೆಂಬುದು ಇನ್ನೂ ಅವನಿಗೇ ಗೊತ್ತಿಲ್ಲ. ವ್ಯಾಲರಂಟ್‌ನ ಸರ್ವರ್ ಸೆಕೆಂಡಿಗೆ 128 ಸಲ, ಅಂದರೆ ಹತ್ತಿರಹತ್ತಿರ 8 ಮಿಲಿಸೆಕೆಂಡಿಗೊಮ್ಮೆ ಎಲ್ಲ ಆಟಗಾರರ ಲೆಕ್ಕ ಹಾಕುತ್ತದೆ. ಆ ಗಳಿಗೆಗೆ ನಿಮ್ಮ ಪ್ಯಾಕೆಟ್ ತಲುಪದಿದ್ದರೆ ನೀವು ಒತ್ತಿದ ಗುಂಡಿ ಆ ಲೆಕ್ಕದಲ್ಲಿ ಇಲ್ಲ. ಹಾಗಾಗಿ ಇಲ್ಲಿ ಅಳೆಯಬೇಕಾದದ್ದು ಪ್ಯಾಕೆಟ್ ಹೋಗಿಬರಲು ಹಿಡಿಯುವ ಹೊತ್ತು. ಅದಕ್ಕಿಂತ ಮುಖ್ಯವಾಗಿ, ಆ ಹೊತ್ತು ಎಷ್ಟರಮಟ್ಟಿಗೆ ಏರುಪೇರಾಗುತ್ತಿದೆ ಎಂಬುದು. ಪ್ರತಿ ಸಲವೂ 60 ಮಿಲಿಸೆಕೆಂಡ್ ಆಗುತ್ತಿದ್ದರೆ ಆಟಗಾರನ ಕೈ ಅದಕ್ಕೆ ಹೊಂದಿಕೊಂಡುಬಿಡುತ್ತದೆ. 20, 20, 20, 400 ಎಂದು ಬರುತ್ತಿದ್ದರೆ ಯಾವ ಕೈಯೂ ಹೊಂದಿಕೊಳ್ಳಲಾರದು.

ಇದನ್ನು ಅಳೆಯುವ ಸಲಕರಣೆ ಪ್ರತಿ ಕಂಪ್ಯೂಟರಿನಲ್ಲೂ ಇದೆ. ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರ್‌ನಲ್ಲಿ, ತನ್ನ ನೆಟ್‌ವರ್ಕ್ ವಿಚಿತ್ರವಾಗಿ ವರ್ತಿಸುತ್ತಿದ್ದುದಕ್ಕೆ ಕಾರಣ ಹುಡುಕಲು ಒಂದು ಚಿಕ್ಕ ಪ್ರೋಗ್ರಾಂ ಬರೆದ. ಒಂದು ಪ್ಯಾಕೆಟ್ ಕಳಿಸುವುದು, ಅದು ಮರಳಿ ಬರಲು ಎಷ್ಟು ಹೊತ್ತಾಯಿತೆಂದು ನೋಡುವುದು, ಇಷ್ಟೇ ಅದರ ಕೆಲಸ. ಜಲಾಂತರ್ಗಾಮಿಗಳು ಹೊರಡಿಸುವ ಸೋನಾರ್ ಸದ್ದಿನ ನೆನಪಿಗೆ ಅದಕ್ಕೆ ‘ಪಿಂಗ್’ ಎಂದು ಹೆಸರಿಟ್ಟ. ನಲವತ್ತು ವರ್ಷ ಕಳೆದರೂ ಮನೆಯ ವೈಫೈ ತೊಂದರೆ ಪತ್ತೆಮಾಡಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಮಾಡಬೇಕಾದದ್ದು ಹೀಗೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ನಿಮ್ಮದೇ ರೌಟರ್‌ಗೆ ಪಿಂಗ್ ಮಾಡಿ. ಅದರ ವಿಳಾಸ ಬಹುಪಾಲು ಮನೆಗಳಲ್ಲಿ 192.168.1.1 ಅಥವಾ 192.168.0.1 ಆಗಿರುತ್ತದೆ. ಇನ್ನೊಂದರಲ್ಲಿ ಗೂಗಲ್‌ನ 8.8.8.8ಕ್ಕೆ. ವಿಳಾಸದ ಕೊನೆಗೆ ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಇಂಗ್ಲಿಷಿನ ‘ಟಿ’ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಸೆಕೆಂಡಿಗೊಂದರಂತೆ ಅಂಕಿಗಳು ಬರುತ್ತಲೇ ಇರುತ್ತವೆ. ಆಮೇಲೆ ಎಂದಿನಂತೆ ಆಟ ಆಡಿ. ತಡವರಿಸಿದಾಗ ಎರಡೂ ಕಿಟಕಿಗಳನ್ನು ನೋಡಿ. ರೌಟರ್‌ನ ಕಿಟಕಿಯಲ್ಲಿ 2, 3, 2 ಎಂದು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ 180 ಆಗಿದ್ದರೆ, ಅಥವಾ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂಬ ಸಾಲು ಬಂದಿದ್ದರೆ, ದೋಷ ನಿಮ್ಮ ಮನೆಯೊಳಗಿನ ಗಾಳಿಯಲ್ಲಿ, ಅಂದರೆ ವೈಫೈಯಲ್ಲಿದೆ. ಆ ಕಿಟಕಿ ಅಲುಗದೆ ಎರಡನೆಯದು ಮಾತ್ರ ಏರಿದ್ದರೆ ದೋಷ ರೌಟರ್‌ನಿಂದ ಆಚೆಗಿದೆ. ಎಲ್ಲೋ ಒಮ್ಮೆ ಒಂದಂಕಿ ಜಿಗಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕೆಲವು ರೌಟರ್‌ಗಳು ಪಿಂಗ್‌ಗೆ ನಿಧಾನವಾಗಿ ಉತ್ತರಿಸುವುದುಂಟು. ಆಟ ತಡವರಿಸಿದ ಗಳಿಗೆಗೇ ಅಂಕಿಯೂ ಜಿಗಿಯುತ್ತಿದ್ದರೆ ಮಾತ್ರ ಅದು ಸಾಕ್ಷಿ. ಹೊಸ ರೌಟರ್, ಹೊಸ ಪ್ಲಾನ್, ಕಸ್ಟಮರ್ ಕೇರ್‌ನೊಂದಿಗೆ ವಾದ, ಇವೆಲ್ಲಕ್ಕೂ ಮುಂಚೆ ಈ ಒಂದು ಪರೀಕ್ಷೆ ಆಗಲೇಬೇಕು.

ಆಚೆಗಿನ ದಾರಿಯಲ್ಲಿ ಯಾರಿಂದಲೂ ಕಡಿಮೆ ಮಾಡಲಾಗದ ಒಂದು ಪಾಲಿದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಅಂದರೆ ಪ್ರತಿ 100 ಕಿಲೋಮೀಟರ್ ದೂರಕ್ಕೆ, ಹೋಗಿ ಬರಲು ಒಂದು ಮಿಲಿಸೆಕೆಂಡ್. ಬೆಂಗಳೂರಿನಿಂದ ಮುಂಬೈಗೆ ಕೇಬಲ್ ಸುತ್ತಿಬಳಸಿ ಹೋಗುವ ದಾರಿ ಸಾವಿರ ಕಿಲೋಮೀಟರ್ ಎಂದುಕೊಂಡರೆ 10 ಮಿಲಿಸೆಕೆಂಡ್ ಬೆಳಕಿಗೇ ಬೇಕು. ನಡುವಿನ ಯಂತ್ರಗಳ ಪಾಲು ಸೇರಿ 20-30 ಬಂದರೆ ಅದು ಒಳ್ಳೆಯ ಸಂಪರ್ಕ. ಸಿಂಗಪುರದ ಸರ್ವರ್ ಆಯ್ದುಕೊಂಡರೆ ದೂರ 3,000 ಕಿಲೋಮೀಟರ್ ದಾಟುತ್ತದೆ. 30 ಮಿಲಿಸೆಕೆಂಡ್‌ಗಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ. ಆದ್ದರಿಂದ ಆಟದ ಸೆಟ್ಟಿಂಗ್‌ನಲ್ಲಿ ಯಾವ ಊರಿನ ಸರ್ವರ್ ಆಯ್ಕೆಯಾಗಿದೆ ಎಂದು ಮೊದಲು ನೋಡಿ. ಮುಂಬೈ ಇರಬೇಕಾದ ಕಡೆ ಬೇರೆ ದೇಶ ಇದ್ದರೆ ಮನೆಯಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ.

ಈಗ ಮನೆಯೊಳಗಿನ ಗಾಳಿಗೆ ಬರೋಣ. ವೈಫೈಯ ಮೂಲಪಾಠ ಹವಾಯಿ ದ್ವೀಪಗಳಲ್ಲಿದೆ. 1971ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ಬೇರೆ ಬೇರೆ ದ್ವೀಪಗಳನ್ನು ಒಂದು ಕಂಪ್ಯೂಟರಿಗೆ ರೇಡಿಯೊ ಮೂಲಕ ಜೋಡಿಸಿದರು. ಎಲ್ಲರೂ ಒಂದೇ ತರಂಗಾಂತರದಲ್ಲಿ, ತಮಗೆ ಬೇಕೆನಿಸಿದಾಗ ಕಳಿಸಬಹುದು. ಇಬ್ಬರು ಒಟ್ಟಿಗೆ ಕಳಿಸಿ ಸಂದೇಶಗಳು ಡಿಕ್ಕಿಯಾದರೆ ಇಬ್ಬರೂ ತಮ್ಮ ತಮ್ಮ ಪಾಡಿಗೆ ಒಂದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಕಳಿಸಬೇಕು. ಯಾರು ಎಷ್ಟು ಹೊತ್ತು ಕಾಯಬೇಕೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ಅಲೋಹಾನೆಟ್ ಎಂಬ ಈ ವ್ಯವಸ್ಥೆ ಸೊಗಸಾಗಿ ನಡೆಯಿತು, ಆದರೆ ಲೆಕ್ಕ ಹಾಕಿದಾಗ ಒಂದು ಮಿತಿ ಕಾಣಿಸಿತು: ಹೀಗೆ ಮನಸ್ಸಿಗೆ ಬಂದಾಗ ಕಳಿಸುತ್ತಿದ್ದರೆ ಲಭ್ಯವಿರುವ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ.

ವೈಫೈ ಇದಕ್ಕೆ ಒಂದು ಶಿಸ್ತು ಸೇರಿಸಿತು. ಕಳಿಸುವ ಮೊದಲು ಕಿವಿಗೊಟ್ಟು ಕೇಳಬೇಕು. ಯಾರೂ ಕಳಿಸುತ್ತಿಲ್ಲವೆಂದು ಖಾತ್ರಿಯಾದ ಮೇಲೆ 0ಯಿಂದ 15ರ ನಡುವೆ ತೋಚಿದ ಒಂದು ಅಂಕಿ ಆರಿಸಿಕೊಂಡು, ಒಂದೊಂದಕ್ಕೆ 9 ಮೈಕ್ರೊಸೆಕೆಂಡ್‌ನಂತೆ ಇಳಿಎಣಿಕೆ ಮಾಡಬೇಕು. ನಡುವೆ ಬೇರೆ ಯಾರಾದರೂ ಶುರುಮಾಡಿದರೆ ಎಣಿಕೆ ಅಲ್ಲೇ ನಿಲ್ಲುತ್ತದೆ. ಕಳಿಸಿದ್ದು ತಲುಪಿತೆಂಬ ಉತ್ತರ ಬರದಿದ್ದರೆ ಆ 15 ಎಂಬ ಮಿತಿ 31 ಆಗುತ್ತದೆ, ಮತ್ತೆ ಸೋತರೆ 63, ಹಾಗೇ ಏರುತ್ತ 1023ರವರೆಗೆ. ಗಾಳಿ ಖಾಲಿ ಇದ್ದಾಗ ಇದೆಲ್ಲ ಮುಗಿಯಲು ಒಂದು ಮಿಲಿಸೆಕೆಂಡೂ ಬೇಡ. ಆದರೆ ಅಕ್ಕಪಕ್ಕ, ಮೇಲೆಕೆಳಗೆ ಮನೆಗಳಿರುವ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಒಂಬತ್ತಕ್ಕೆ ಗಾಳಿ ಖಾಲಿ ಇರುವುದಿಲ್ಲ. ನಿಮ್ಮ ಪ್ಯಾಕೆಟ್ ಎಣಿಕೆ ನಿಲ್ಲಿಸುತ್ತ, ಡಿಕ್ಕಿಯಾಗುತ್ತ, ಮತ್ತೆ ಎಣಿಸುತ್ತ ಹೋದಂತೆ ಪಿಂಗ್ ಅಂಕಿ 3ರಿಂದ 50ಕ್ಕೆ, 150ಕ್ಕೆ ಜಿಗಿಯುತ್ತದೆ. ಪಕ್ಕದ ಮನೆಯವರ ರೌಟರ್‌ಗೆ ಪಾಸ್‌ವರ್ಡ್ ಬೇರೆ, ಬಿಲ್ ಬೇರೆ, ಕಂಪನಿಯೂ ಬೇರೆ ಇರಬಹುದು. ಚಾನೆಲ್ ಒಂದೇ ಆಗಿದ್ದರೆ ಅವರೂ ನೀವೂ ಒಂದೇ ಸರದಿಯಲ್ಲಿ ನಿಂತಿದ್ದೀರಿ.

2.4 ಗಿಗಾಹರ್ಟ್ಸ್‌ನಲ್ಲಿ ಈ ಇಕ್ಕಟ್ಟು ಅತಿ ಹೆಚ್ಚು. ಅಲ್ಲಿ 13 ಚಾನೆಲ್‌ಗಳಿವೆ ಎಂದು ರೌಟರ್‌ನ ಪಟ್ಟಿ ತೋರಿಸುತ್ತದೆ. ಆದರೆ ಅವುಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದೊಂದಕ್ಕೂ ಬೇಕಾದ ಅಗಲ 20. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಲು ಸಿಗುವುದು 1, 6 ಮತ್ತು 11, ಈ ಮೂರೇ. 3 ಅಥವಾ 4ನ್ನು ಆರಿಸಿಕೊಂಡರೆ ಜಾಣತನವಾಗುವುದಿಲ್ಲ, ಎರಡೂ ಕಡೆಯ ಗದ್ದಲ ಕೇಳಬೇಕಾಗುತ್ತದೆ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಇಲ್ಲೇ, 2.45 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ. ಅದರ ಒಳಗಿನ ಶಕ್ತಿ ನೂರಾರು ವಾಟ್. ರೌಟರ್ ಹೊರಡಿಸುವುದು ಒಂದು ವಾಟ್‌ನ ಹತ್ತನೇ ಒಂದು ಭಾಗದಷ್ಟು. ಬಾಗಿಲ ಸಂದಿಯಿಂದ ಎಳ್ಳಷ್ಟು ಸೋರಿದರೂ ವೈಫೈಗೆ ಅದು ದೊಡ್ಡ ಗದ್ದಲವೇ. ಹಾಲು ಬಿಸಿಮಾಡುವ ಎರಡು ನಿಮಿಷ ಪಿಂಗ್ ಕಿಟಕಿ ನೋಡುತ್ತಿದ್ದರೆ ಇದು ಕಣ್ಣಿಗೇ ಕಾಣುತ್ತದೆ. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಕೂಡ ಇದೇ ತರಂಗಪಟ್ಟಿಯಲ್ಲಿ ಗದ್ದಲ ಹೊಮ್ಮಿಸುತ್ತದೆಂದು ಇಂಟೆಲ್ 2012ರಲ್ಲೇ ಬರೆದು ತೋರಿಸಿದೆ. ವೈಫೈ ಡಾಂಗಲ್ ಪಕ್ಕದಲ್ಲೇ ಅಂಥ ಡಿಸ್ಕ್ ಸಿಕ್ಕಿಸಿದ್ದರೆ ಎರಡನ್ನೂ ದೂರ ಮಾಡಿ.

ಇಲ್ಲಿ ಇನ್ನೊಂದು ಸಂಗತಿಯಿದೆ, ಬಹಳ ಜನಕ್ಕೆ ಗೊತ್ತಿಲ್ಲದ್ದು, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಕುತೂಹಲದ್ದು. ವೈಫೈ ಸರದಿಯನ್ನು ಹಂಚುತ್ತದೆ, ಹೊತ್ತನ್ನು ಹಂಚುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಅವಕಾಶ. ಆ ಅವಕಾಶವನ್ನು ಎಷ್ಟು ಹೊತ್ತಿನಲ್ಲಿ ಮುಗಿಸುತ್ತಾರೆಂಬುದು ಅವರವರ ವೇಗಕ್ಕೆ ಬಿಟ್ಟದ್ದು. 1,500 ಬೈಟ್‌ನ ಪ್ಯಾಕೆಟ್ ಅಂದರೆ 12,000 ಬಿಟ್. ರೌಟರ್ ಎದುರಿಗೇ ಇರುವ ಲ್ಯಾಪ್‌ಟಾಪ್ 300 ಎಂಬಿಪಿಎಸ್ ವೇಗದಲ್ಲಿ ಅದನ್ನು 40 ಮೈಕ್ರೊಸೆಕೆಂಡ್‌ನಲ್ಲಿ ಕಳಿಸುತ್ತದೆ. ಗೇಟಿನ ಮೇಲೆ ಹಾಕಿಸಿದ ಅಗ್ಗದ ಸಿಸಿಟಿವಿ ಕ್ಯಾಮೆರಾಗೆ ಸಿಗ್ನಲ್ ಅಷ್ಟಕ್ಕಷ್ಟೇ. ಅದು ವೇಗ ಇಳಿಸಿಕೊಳ್ಳುತ್ತ ಕೊನೆಗೆ 1 ಎಂಬಿಪಿಎಸ್‌ಗೆ ಬಂದು ನಿಂತರೆ ಅದೇ ಪ್ಯಾಕೆಟ್‌ಗೆ 12 ಮಿಲಿಸೆಕೆಂಡ್ ಹಿಡಿಯುತ್ತದೆ. ಮುನ್ನೂರು ಪಟ್ಟು ಹೊತ್ತು! ಆ ಹನ್ನೆರಡು ಮಿಲಿಸೆಕೆಂಡ್ ಮನೆಯ ಉಳಿದ ಎಲ್ಲ ಸಾಧನಗಳೂ ಬಾಯಿ ಮುಚ್ಚಿಕೊಂಡಿರಬೇಕು. ಕ್ಯಾಮೆರಾ ದಿನವಿಡೀ ವಿಡಿಯೊ ಕಳಿಸುತ್ತಲೇ ಇರುತ್ತದೆ. ಆಟ ತಡವರಿಸಿದಾಗ ಗೇಟಿನ ಮೇಲಿನ ಕ್ಯಾಮೆರಾದ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು? ಹಳೆಯ ಫೋನ್, ಮೂಲೆ ಕೋಣೆಯ ಸ್ಮಾರ್ಟ್ ಪ್ಲಗ್, ಟೆರೇಸಿನ ಮೇಲಿನ ಇನ್ನೊಂದು ಕ್ಯಾಮೆರಾ, ಇವೆಲ್ಲ ಇದೇ ಜಾತಿಯವು.

ಪರಿಹಾರ ಸರಳ: ಆಡುವ ಯಂತ್ರವನ್ನು ಇವುಗಳ ಜೊತೆ ಬಿಡದೆ 5 ಗಿಗಾಹರ್ಟ್ಸ್‌ಗೆ ಸೇರಿಸುವುದು. ಅದಕ್ಕೆ ರೌಟರ್‌ನಲ್ಲಿ ಬೇರೆಯದೇ ರೇಡಿಯೊ ಇರುತ್ತದೆ. ಭಾರತದಲ್ಲಿ 2018ರ ಅಕ್ಟೋಬರ್‌ನಲ್ಲಿ ಸರ್ಕಾರ ಈ ಪಟ್ಟಿಯ 605 ಮೆಗಾಹರ್ಟ್ಸ್‌ನಷ್ಟನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು, ಚಾನೆಲ್‌ಗಳು ಧಾರಾಳವಾಗಿವೆ. ಅನೇಕ ರೌಟರ್‌ಗಳು ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟು ಯಾವುದು ಎಲ್ಲಿ ಸೇರಬೇಕೆಂದು ತಾವೇ ನಿರ್ಧರಿಸುತ್ತವೆ, ಆ ನಿರ್ಧಾರ ಎಷ್ಟೋ ಸಲ ತಪ್ಪಾಗಿರುತ್ತದೆ. ಸೆಟ್ಟಿಂಗ್‌ಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರಿಡಿ. 5 ಗಿಗಾಹರ್ಟ್ಸ್‌ನ ದೊಡ್ಡ ಕುಂದೆಂದರೆ, ಗೋಡೆಗಳನ್ನು ದಾಟುವುದು ಅದಕ್ಕೆ ಕಷ್ಟ. ಇಟ್ಟಿಗೆ ಗೋಡೆ ಎರಡು ದಾಟುವಷ್ಟರಲ್ಲಿ ಸೊರಗುತ್ತದೆ, ಹಳೆಯ ಮನೆಗಳ ಮೊಳ ದಪ್ಪದ ಮಣ್ಣಿನ ಗೋಡೆಯ ಮುಂದಂತೂ ಕೈಚೆಲ್ಲುತ್ತದೆ. ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಆಡುವ ಕುರ್ಚಿಯ ಬಳಿ ನಿಂತು ನೋಡಿ. ಸಿಗ್ನಲ್ ಮಟ್ಟ ಮೈನಸ್ 50ರಿಂದ ಮೈನಸ್ 65 ಡಿಬಿಎಂ ಒಳಗಿದ್ದರೆ ಚೆನ್ನ. ಮೈನಸ್ 80 ಎಂದರೆ ಮೈನಸ್ 50ಕ್ಕೆ ಹೋಲಿಸಿದಾಗ ಸಾವಿರದಲ್ಲೊಂದು ಪಾಲು ಶಕ್ತಿ; ಅಲ್ಲಿ ಆಟ ಬೇಡ. ರೌಟರ್ ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ಷೋಕೇಸಿನೊಳಗೆ ಇದ್ದರೆ ಹೊರಗೆ ತನ್ನಿ, ಎದೆಯೆತ್ತರಕ್ಕೆ, ಮನೆಯ ನಡುಭಾಗದಲ್ಲಿ ಇಡಿ. ಅಂಗಡಿಯವರು ಕೊಡುವ ಅಗ್ಗದ ರಿಪೀಟರ್ ಆಟಕ್ಕೆ ಸಲ್ಲದು. ಅದು ಕೇಳಿದ್ದೆಲ್ಲವನ್ನೂ ಅದೇ ಗಾಳಿಯಲ್ಲಿ ಮತ್ತೊಮ್ಮೆ ಹೇಳಬೇಕು, ಸರದಿ ಎರಡರಷ್ಟಾಗುತ್ತದೆ.

ಇಷ್ಟಾಗಿಯೂ ರೌಟರ್ ಕಿಟಕಿಯಲ್ಲಿ ಅಂಕಿ ಜಿಗಿಯುತ್ತಿದ್ದರೆ ಅದರ ಲಯ ಗಮನಿಸಿ. ಗಡಿಯಾರ ಹಿಡಿದು ಹೇಳುವಷ್ಟು ಕರಾರುವಾಕ್ಕಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಗೋಡೆಯ ತಪ್ಪಲ್ಲ, ನೆರೆಯವರದ್ದೂ ಅಲ್ಲ. ಲ್ಯಾಪ್‌ಟಾಪೇ ಆಗಾಗ ತನ್ನ ಚಾನೆಲ್ ಬಿಟ್ಟು ಬೇರೆ ಚಾನೆಲ್‌ಗಳಲ್ಲಿ ಏನಿದೆಯೆಂದು ಹುಡುಕಲು ಹೋಗುತ್ತಿರುತ್ತದೆ. ಹಿಂದಿರುಗುವವರೆಗೂ ಪ್ಯಾಕೆಟ್‌ಗಳು ಕಾಯಬೇಕು. ವಿಂಡೋಸ್‌ನಲ್ಲಿ ಲೊಕೇಶನ್ ಸೇವೆ ಆಫ್ ಮಾಡುವುದು, ವೈಫೈ ಕಾರ್ಡಿನ ಡ್ರೈವರ್ ಹೊಸದು ಹಾಕುವುದು, ಮ್ಯಾಕ್‌ನಲ್ಲಿ ಏರ್‌ಡ್ರಾಪ್ ನಿಲ್ಲಿಸುವುದು ಹಲವು ಮನೆಗಳಲ್ಲಿ ಇದನ್ನು ಸರಿಪಡಿಸಿದೆ. 5 ಗಿಗಾಹರ್ಟ್ಸ್ ಇಡಿಯಾಗಿ ಒಂದು ನಿಮಿಷ ಮಾಯವಾಗಿ ಬೇರೊಂದು ಚಾನೆಲ್‌ನಲ್ಲಿ ಮರಳಿ ಬರುತ್ತಿದ್ದರೆ ಅದು ರೇಡಾರ್‌ಗೆ ದಾರಿ ಬಿಡುವ ನಿಯಮದ ಫಲ. 52ರಿಂದ 144ರವರೆಗಿನ ಚಾನೆಲ್‌ಗಳಿಗೆ ಆ ನಿಯಮವಿದೆ. 36ರಿಂದ 48, ಅಥವಾ 149ರಿಂದ ಮುಂದಿನದ್ದನ್ನು ಕೈಯಾರೆ ಆರಿಸಿಟ್ಟರೆ ಸಾಕು.

ಎರಡನೆಯ ಕಿಟಕಿ ಮಾತ್ರ ಏರುವ ಮನೆಗಳ ಕಥೆ ಬೇರೆ. ಬೆಂಗಳೂರಿನ ವಿಜಯನಗರದಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಒಂದು ಭಾನುವಾರ ರಾತ್ರಿ ಹೀಗೇ ನೋಡುತ್ತ ಕೂತಿದ್ದೆವು. ರೌಟರ್‌ನ ಕಿಟಕಿಯಲ್ಲಿ 2, 3, 2 ಎಂದು ಶಾಂತವಾಗಿತ್ತು. ಇನ್ನೊಂದರಲ್ಲಿ 24, 25, 24. ಇದ್ದಕ್ಕಿದ್ದಂತೆ 60, 110, 190, 210, ಇಳಿಯಲೇ ಇಲ್ಲ. ಮಗನ ಆಟ ಕೆಟ್ಟಿತು. ಮನೆಯಲ್ಲಿ ಏನಾಯಿತೆಂದು ನೋಡಿದರೆ, ತುಮಕೂರಿನ ಮದುವೆ ಮುಗಿಸಿಕೊಂಡು ಅಮ್ಮ ಆಗಷ್ಟೇ ಬಾಗಿಲು ದಾಟಿ ಬಂದಿದ್ದರು. ಅವರ ಫೋನ್ ಮನೆಯ ವೈಫೈ ಸಿಕ್ಕಿದ್ದೇ ತಡ, ಧಾರೆಯಿಂದ ಊಟದವರೆಗಿನ ವಿಡಿಯೊಗಳನ್ನೆಲ್ಲ ಕ್ಲೌಡ್‌ಗೆ ಏರಿಸಲು ಶುರುಮಾಡಿತ್ತು. ‘ಅಮ್ಮ, ಒಂದ್ನಿಮಿಷ ವೈಫೈ ಆಫ್ ಮಾಡಮ್ಮ’ ಎಂದ ಹುಡುಗ. ಆಫ್ ಮಾಡಿದರು. ಮುಂದಿನ ಸಾಲು 24.

ಅಪ್‌ಲೋಡ್ ಲೈನನ್ನು ತುಂಬಿತು ಎಂಬುದು ಅರ್ಧ ಉತ್ತರ ಮಾತ್ರ. ತುಂಬಿದರೆ ಆಟದ ಪುಟ್ಟ ಪ್ಯಾಕೆಟ್ ಇಷ್ಟು ಹೊತ್ತು ಏಕೆ ಕಾಯಬೇಕು? ಇದೇ ಪ್ರಶ್ನೆಯನ್ನು 2010ರಲ್ಲಿ ಬೆಲ್ ಲ್ಯಾಬ್ಸ್‌ನ ಜಿಮ್ ಗೆಟ್ಟಿಸ್ ಕೇಳಿಕೊಂಡ. ಅವನಿಗೂ ಇದು ಎದುರಾದದ್ದು ತನ್ನ ಮನೆಯ ಇಂಟರ್‌ನೆಟ್‌ನಲ್ಲೇ, ದೊಡ್ಡ ಕಡತಗಳನ್ನು ಕಳಿಸುವಾಗ. ಅವನು ಕಂಡುಕೊಂಡ ಕಾರಣ ಇದು. ಲೈನ್ ಎಷ್ಟು ತಡೆದುಕೊಳ್ಳುತ್ತದೆಂದು ತಿಳಿಯಲು ಕಂಪ್ಯೂಟರುಗಳಿಗೆ ಇರುವ ಹಳೆಯ ದಾರಿ, ಪ್ಯಾಕೆಟ್ ಕಳೆದುಹೋಗುವವರೆಗೂ ವೇಗ ಏರಿಸುತ್ತ ಹೋಗುವುದು, ಕಳೆದ ಕೂಡಲೇ ಇಳಿಸುವುದು. 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಅರ್ಧ ಕಿಲೋಮೀಟರೂ ದೂರವಿಲ್ಲದ ಎರಡು ಸಂಸ್ಥೆಗಳ ನಡುವೆ ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಲೈನ್ ದಟ್ಟಣೆಯಿಂದ 40 ಬಿಟ್‌ಗೆ ಕುಸಿದಿತ್ತು; ಅದಕ್ಕೆ ಮದ್ದಾಗಿ ವ್ಯಾನ್ ಜೇಕಬ್‌ಸನ್ ರೂಪಿಸಿದ ನಿಯಮವಿದು. ಮುಂದೆ ಮೆಮೊರಿ ಚಿಪ್ ಅಗ್ಗವಾಯಿತು. ರೌಟರ್ ತಯಾರಕರು ಒಂದು ಪ್ಯಾಕೆಟ್ಟೂ ಕಳೆಯಬಾರದೆಂದು ದೊಡ್ಡ ದೊಡ್ಡ ಬಫರ್‌ಗಳನ್ನು, ಅಂದರೆ ಪ್ಯಾಕೆಟ್ ಕೂಡಿಡುವ ಜಾಗಗಳನ್ನು ಇಟ್ಟರು. ಏನೂ ಕಳೆಯದ್ದರಿಂದ ಕಂಪ್ಯೂಟರುಗಳು ವೇಗ ಇಳಿಸದೆ ಅವನ್ನು ತುಂಬುತ್ತಲೇ ಹೋದವು. ದೇವಸ್ಥಾನದಲ್ಲಿ ಸರದಿಯವರಿಗೆ ಇನ್ನೊಂದು ಹಾಲ್ ಕಟ್ಟಿಸಿದರೆ ದರ್ಶನ ಬೇಗ ಆಗುವುದಿಲ್ಲ, ಒಳಗೆ ಕಾಯುವವರು ಹೆಚ್ಚಾಗುತ್ತಾರೆ. ಇಲ್ಲೂ ಆದದ್ದು ಅದೇ. ಲೆಕ್ಕ ನೋಡಿ: 40 ಎಂಬಿಪಿಎಸ್ ಅಪ್‌ಲೋಡ್ ಲೈನಿನ ಮುಂದೆ ಒಂದು ಮೆಗಾಬೈಟ್, ಅಂದರೆ 80 ಲಕ್ಷ ಬಿಟ್ ಸೇರಿಕೊಂಡಿದ್ದರೆ ಅದು ಖಾಲಿಯಾಗಲು 200 ಮಿಲಿಸೆಕೆಂಡ್ ಬೇಕು. ಮದುವೆ ವಿಡಿಯೊಗೆ ಅದರಿಂದ ಏನೂ ತೊಂದರೆಯಿಲ್ಲ. ಅದರ ಹಿಂದೆ ನಿಂತ ಆಟದ ಪ್ಯಾಕೆಟ್‌ಗೆ ಸಾವು. ಗೆಟ್ಟಿಸ್ ಈ ರೋಗಕ್ಕೆ ಇಟ್ಟ ಹೆಸರು ಬಫರ್‌ಬ್ಲೋಟ್.

ಮದ್ದು ಕಂಡುಹಿಡಿದವರಲ್ಲಿ ಅದೇ ಜೇಕಬ್‌ಸನ್ ಇದ್ದಾನೆ, ಜೊತೆಗೆ ಕ್ಯಾಥ್ಲೀನ್ ನಿಕಲ್ಸ್. ಸರದಿಯಲ್ಲಿ ಎಷ್ಟು ಪ್ಯಾಕೆಟ್ ಇವೆಯೆಂದು ಎಣಿಸುವ ಬದಲು ಒಂದೊಂದೂ ಎಷ್ಟು ಹೊತ್ತು ಕಾಯಿತೆಂದು ನೋಡಬೇಕು, ಕಾಯುವಿಕೆ 5 ಮಿಲಿಸೆಕೆಂಡ್ ಮೀರಿದ ಸ್ಥಿತಿ ಹಾಗೇ ಮುಂದುವರಿದರೆ ಬೇಕೆಂದೇ ಕೆಲವನ್ನು ಬಿಸಾಡಿ ಕಳಿಸುವವರಿಗೆ ಎಚ್ಚರಿಕೆ ಕೊಡಬೇಕು ಎಂಬುದು 2012ರಲ್ಲಿ ಅವರು ಮುಂದಿಟ್ಟ ಕೋಡೆಲ್ ವಿಧಾನ. ಬೇರೆ ಬೇರೆ ಸಂಪರ್ಕಗಳಿಗೆ ಬೇರೆ ಬೇರೆ ಸರದಿ ಮಾಡುವ ಅದರ ಸುಧಾರಿತ ರೂಪ 2018ರಲ್ಲಿ ಇಂಟರ್‌ನೆಟ್ ಮಾನದಂಡ ಸಂಸ್ಥೆಯ ದಾಖಲೆಯಾಗಿ ಪ್ರಕಟವಾಯಿತು. ರೌಟರ್ ಕೊಳ್ಳುವಾಗ ಎಂಟು ಆ್ಯಂಟೆನಾ ಇವೆಯೇ ಎಂದು ನೋಡುವುದಕ್ಕಿಂತ ಇಂಥ ಸರದಿ ನಿರ್ವಹಣೆ ಮಾಡುವ ‘ಎಸ್‌ಕ್ಯೂಎಂ’ ಎಂಬ ಸೌಲಭ್ಯ ಇದೆಯೇ ಎಂದು ಕೇಳಿ. ಇದ್ದರೆ ಅದನ್ನು ಆನ್ ಮಾಡಿ, ನಿಮ್ಮ ಲೈನಿನ ನಿಜವಾದ ವೇಗದ ಶೇ 85-90ರಷ್ಟನ್ನು ಮಿತಿಯಾಗಿ ಕೊಡಿ. ಸ್ಪೀಡ್ ಟೆಸ್ಟ್‌ನಲ್ಲಿ ವೇಗ ಕೊಂಚ ಕಡಿಮೆ ಕಾಣಿಸುತ್ತದೆ, ಆಟ ಸರಾಗವಾಗುತ್ತದೆ. ಆ ಸೌಲಭ್ಯ ಇಲ್ಲದವರು ಫೋನ್‌ಗಳ ಬ್ಯಾಕಪ್ ಮಲಗುವ ಹೊತ್ತಿಗೆ ನಡೆಯುವಂತೆ ನೋಡಿಕೊಳ್ಳಬಹುದು.

ಲ್ಯಾಗ್ ಅಲ್ಲದೆ ಸಂಪರ್ಕವೇ ನಿಮಿಷಗಟ್ಟಲೆ ಕಡಿಯುತ್ತಿದ್ದರೆ ಗೋಡೆಯ ಮೇಲಿನ ಫೈಬರ್ ಡಬ್ಬಿಯ ದೀಪ ನೋಡಿ. ಎಲ್‌ಒಎಸ್ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ. ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಒಳಬರುವ ಬೆಳಕಿನ ಮಟ್ಟ ಕಾಣುತ್ತದೆ. ಸಾಮಾನ್ಯ ಸಂಪರ್ಕಗಳಲ್ಲಿ ಅದು ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವೆ ಇರಬೇಕು. ಮೈನಸ್ 27ರ ಅಂಚಿನಲ್ಲಿದ್ದರೆ ಎಲ್ಲೋ ಜೋಡಣೆ ಕೆಟ್ಟಿದೆ, ಅಥವಾ ಕಿಟಕಿ ಚೌಕಟ್ಟಿನಲ್ಲಿ ಎಳೆ ಬಗ್ಗಿದೆ. ಹಾಗೇ ದೀಪಗಳೆಲ್ಲ ಒಟ್ಟಿಗೆ ಆರಿ ಹತ್ತುತ್ತಿದ್ದರೆ ಅಡಾಪ್ಟರ್ ಸೋತಿದೆ, ಇಲ್ಲವೇ ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಳ್ಳುವ ಸಣ್ಣ ಅಂತರದಲ್ಲಿ ರೌಟರ್ ರೀಸ್ಟಾರ್ಟ್ ಆಗುತ್ತಿದೆ. 12 ವೋಲ್ಟ್‌ನ ಮಿನಿ ಯುಪಿಎಸ್ ಅದಕ್ಕೆ ಸಾಕು. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ಎರಡನೆಯ ಕಿಟಕಿ ಕೆಡುತ್ತಿದ್ದು, ಮನೆಯಲ್ಲಿ ಯಾರೂ ಏನೂ ಏರಿಸುತ್ತಿಲ್ಲವಾದರೆ ದಟ್ಟಣೆ ಕಂಪನಿಯ ಕಡೆಯದು. ಎರಡೂ ಕಿಟಕಿಗಳ ಫೋಟೊ ತೆಗೆದು ದೂರಿನೊಂದಿಗೆ ಕಳಿಸಿ. ‘ರೌಟರ್ ಆಫ್ ಮಾಡಿ ಆನ್ ಮಾಡಿ ಸರ್’ ಎಂಬ ಉತ್ತರಕ್ಕೆ ಆಗ ಎಡೆಯಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ತೀರ್ಮಾನ ಇದು: ಆಡುವ ಯಂತ್ರ ಒಂದೇ ಕಡೆ ಇರುವುದಾದರೆ ಅದಕ್ಕೆ ವೈಫೈ ಬೇಡ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಯಾವ ತೊಂದರೆಯೂ ಇಲ್ಲದೆ ಕೆಲಸ ಮಾಡುತ್ತದೆ, ರೌಟರ್‌ವರೆಗಿನ ಪಿಂಗ್ ಒಂದು ಮಿಲಿಸೆಕೆಂಡ್‌ಗಿಂತ ಕೆಳಗಿರುತ್ತದೆ, ನೆರೆಮನೆ, ಓವನ್, ಕ್ಯಾಮೆರಾ ಯಾವುದರ ಹಂಗೂ ಇಲ್ಲ. ಈಗ ಮನೆ ಕಟ್ಟಿಸುತ್ತಿರುವವರು ಎಲೆಕ್ಟ್ರಿಷಿಯನ್ ಗೋಡೆ ಕೊರೆಯುವ ದಿನವೇ ಪ್ರತಿ ಕೋಣೆಗೂ ನೆಟ್‌ವರ್ಕ್ ಕೇಬಲ್‌ಗೆಂದು ಬೇರೆ ಪೈಪೊಂದನ್ನು ಹಾಕಿಸಿ. ಪ್ಲಾಸ್ಟರಿಂಗ್ ಆದ ಮೇಲೆ ಆ ಕೆಲಸಕ್ಕೆ ತುಂಬ ಖರ್ಚು.